ಹಳೆ ಫಿಲ್ಮು, ಹೊಸ ಫಿಲ್ಮು

ಮೂವತ್ತನಾಲ್ಕು ವರ್ಷ ನನ್ನ ಕೆಲಸ ಇಷ್ಟೇ:
ಕತ್ತಲೆ ಕೋಣೆಯಿಂದ ಒದ್ದೆ ಫಿಲ್ಮು ತಂದು
ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುವುದು,
ಪಕ್ಕದಲ್ಲಿ ಹೋದ ವರ್ಷದ್ದು.
ಅಲ್ಲಿಲ್ಲದ್ದು ಇಲ್ಲಿದೆಯೇ?

ಕರಿಮಣಿ ತೆಗೆಯಲು ಮರೆತವರ ಎದೆಯಲ್ಲಿ
ಸಾಲಾಗಿ ಸಣ್ಣ ಸಣ್ಣ ನಕ್ಷತ್ರ.
ಕಿಸೆಯಲ್ಲುಳಿದ ನಾಲ್ಕಾಣೆ, ಹುಣ್ಣಿಮೆ.
ನಕ್ಕು ಇನ್ನೊಂದು ಸಲ ತೆಗೆದರಾಯಿತು.

ನಗಲಾಗದ್ದೂ ಇತ್ತು.
ಪಡೀಲಿನ ಬೀಡಿ ಕಟ್ಟುವ ಅಪ್ಪಿಯಕ್ಕ
ರವಕೆಯ ಗುಂಡಿ ಹಾಕುತ್ತ ಕೇಳಿದಳು:
"ಎಂತ ಕಂಡಿತು ಬಾಯಮ್ಮ?"
ಬಲಗಡೆ ಮೇಲೆ, ಪಕ್ಕೆಲುಬುಗಳ ಸಂದಿಯಲ್ಲಿ
ಅಕ್ಕಿಕಾಳಿನಷ್ಟು ಬಿಳುಪು.
ಹೋದ ವರ್ಷ ಇರಲಿಲ್ಲ.
"ಡಾಕ್ಟರು ಹೇಳುತ್ತಾರೆ" ಎಂದೆ.

ಮೊದಲು ನೋಡುವುದು ನಾನು, ಮೊದಲು ಹೇಳುವಂತಿಲ್ಲ.
ಅದು ನಿಯಮ. ಒಳ್ಳೆಯ ನಿಯಮವೇ.
ಆದರೂ ನಾಲಿಗೆಯಡಿಯಲ್ಲಿ
ಎಷ್ಟೊಂದು ಅಕ್ಕಿಕಾಳು.

ಈಗ ಜೆಪ್ಪಿನ ತಾರಸಿ, ಎಂಟಿಂಚಿನ ದುರ್ಬೀನು.
ದೋಣಿಗಳ ಮೀನು ಹುಡುಕುವ ಯಂತ್ರ ರಿಪೇರಿ ಮಾಡುವ
ಕಂದಕದ ಮುಸ್ತಫಾ ಅದಕ್ಕೆ ಮೋಟಾರು ಕೂರಿಸಿಕೊಟ್ಟ.
"ನೀವು ಹಿಡಿಯುವುದು ಯಾವ ಮೀನು?" ಎಂದು ಕೇಳಿ
ದುಡ್ಡು ಬೇಡವೆಂದ;
ಬಂಗುಡೆ ಪುಳಿಮುಂಚಿ ಬೇಡವೆನ್ನಲಿಲ್ಲ.

ರಾತ್ರಿಗೆ ನಲವತ್ತು ಗೆಲಾಕ್ಸಿ,
ಒಂದೊಂದಕ್ಕೂ ಹಳೆ ಚಿತ್ರ, ಹೊಸ ಚಿತ್ರ, ಅಕ್ಕಪಕ್ಕ.
ಬಿಳಿ ಆಕಾಶದಲ್ಲಿ ಕಪ್ಪು ನಕ್ಷತ್ರ:
ಮಸುಕಾದದ್ದು ಹಾಗೆ ತಿರುವಿ ನೋಡಿದರೇ ಕಾಣುವುದು.
ಇಲ್ಲೂ ಕರಿಮಣಿಗಳುಂಟು.
ಬಜ್ಪೆಗೆ ಇಳಿಯುವ ವಿಮಾನ, ಕ್ಯಾಮೆರಾದ ಹುಸಿ ಚುಕ್ಕಿ,
ಅರ್ಧ ಗಂಟೆಯಲ್ಲಿ ಕೂದಲೆಳೆಯಷ್ಟು ಸರಿದುಹೋಗುವ
ಯಾವುದೋ ಅಲೆಮಾರಿ ಬಂಡೆ.

ಆರು ವರ್ಷ ಹೀಗೆ. ಏನೂ ಇಲ್ಲ.
"ನಾರ್ಮಲ್" ಎಂದು ಬರೆದು ಮಲಗುವುದೂ ಒಂದು ಸುಖ.

ಏಪ್ರಿಲ್ ಹದಿನೇಳು. ಕನ್ಯಾ ರಾಶಿಯ ಕಡೆ
ಹೆಸರಿಲ್ಲದ, ಬರೀ ನಂಬರಿನ ಗೆಲಾಕ್ಸಿಯ
ಬಲಗಡೆ ಮೇಲೆ
ಅಕ್ಕಿಕಾಳು.

ಇನ್ನೊಂದು ಸಲ ತೆಗೆದೆ. ಇತ್ತು.
ಅರ್ಧ ಗಂಟೆ ಬಿಟ್ಟು ತೆಗೆದೆ. ಅಲ್ಲೇ ಇತ್ತು.
ನನ್ನ ಕೊರಳಿಗೇ ಕೈ ಹೋಯಿತು,
ಯಾರದ್ದೋ ಸರ ತೆಗೆಸಲು ಮರೆತೆನೇ ಎಂಬಂತೆ.
ಹತ್ತು ಕೋಟಿ ವರ್ಷದ ಹಿಂದೆ ಸಿಡಿದು ಸತ್ತದ್ದು,
ನಡುವೆ ಯಾವ ಡಾಕ್ಟರೂ ಇಲ್ಲ.
ಬರೆದೆ: ಹೊಸ ಚುಕ್ಕೆ ಉಂಟು. ಇಂಥ ಜಾಗ, ಇಂಥ ಗಂಟೆ.
ಜುಲಿಯಾನಾ ಲಸ್ರಾದೊ, ಮಂಗಳೂರು.

ಬೆಳಿಗ್ಗೆ ತಿಳಿಯಿತು. ನನಗಿಂತ ಆರು ತಾಸು ಮೊದಲು
ಎಲ್ಲಿಯದೋ ಬೆಟ್ಟದ ಮೇಲೆ ನಿದ್ದೆಯಿಲ್ಲದ ಯಂತ್ರವೊಂದು
ಹೇಳಿಯಾಗಿತ್ತು.

ಮುಸ್ತಫಾನಿಗೇ ಹೆಚ್ಚು ಬೇಸರ.
"ಗಾಳ ಹಾಕಿ ಕೂತದ್ದು ನಾವು, ಟ್ರಾಲರು ಬಾಚಿಕೊಂಡಿತು."
ಇರಲಿ ಮಾರಾಯ,
ಕಾಯಿಲೆ ಪತ್ತೆಯಾದ ಮೇಲೆ ದಿನಾ ಬಂದು
ಪಕ್ಕದಲ್ಲಿ ಕೂರುವವರೂ ಬೇಕಲ್ಲ.

ನೆರೆಯ ನಕ್ಷತ್ರಗಳ ಜೊತೆಗಿಟ್ಟು ಅದರ ಬೆಳಕು ತೂಗಿದೆ.
ಹದಿನೈದು ಪಾಯಿಂಟ್ ಎರಡು. ಹದಿನಾಲ್ಕು ಪಾಯಿಂಟ್ ಒಂದು.
ಅಂಕಿ ಇಳಿದಷ್ಟು ಬೆಳಕು ಹೆಚ್ಚು,
ಜ್ವರದ ಚಾರ್ಟನ್ನು ತಲೆಕೆಳಗೆ ತೂಗುಹಾಕಿದ ಹಾಗೆ.
ಹನ್ನೆರಡನೇ ರಾತ್ರಿ ಹದಿಮೂರೂವರೆಗೆ ಬಂದು ನಿಂತಿತು.
ಎರಡು ದಿನ ಹಾಗೇ.
ಆಮೇಲೆ ಕಂದತೊಡಗಿತು.

ಜೂನ್ ನಾಲ್ಕು, ಪಡುವಣದಿಂದ ಮೋಡ.
ನೋಟ್‌ಬುಕ್ಕಿನ ಮುಂದಿನ ಸಾಲುಗಳು ಖಾಲಿ.
ದುರ್ಬೀನಿಗೆ ಟಾರ್ಪಾಲು ಬಿಗಿಯುವಾಗ ನೆನಪಾಯಿತು:
ಅಪ್ಪಿಯಕ್ಕನ ಚುಕ್ಕೆಯೂ ಹೀಗೇ ಕಂದಿತ್ತು,
ತಿಂಗಳುಗಟ್ಟಲೆ ಗುಳಿಗೆ ನುಂಗಿ ನುಂಗಿ,
ಫಿಲ್ಮಿನಿಂದ ಫಿಲ್ಮಿಗೆ.
ಅದನ್ನೂ ಮೊದಲು ಕಂಡವಳು ನಾನು.
ಅದನ್ನೂ ಹೇಳಿದ್ದು ಡಾಕ್ಟರು.

ಹೋಗುವಾಗ ಅವಳು, ಏನನ್ನೂ ಕೇಳದೆ,
ನನ್ನ ಮೇಜಿನ ಮೇಲೆ ಒಂದು ಕಟ್ಟು ಬೀಡಿ ಇಟ್ಟು ಹೋದಳು.
ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ.
ಇದೆ ಇನ್ನೂ, ದಾರ ಬಿಚ್ಚದೆ,
ಮಸೂರಗಳ ಡಬ್ಬಿಯಲ್ಲಿ.